ಈಸ್ಟರ್ ನಾಟಕ ಹೊತ್ತು ಯುರೋಪ್ ಸುತ್ತಿದಾಗ

ಕ್ರೈಸ್ತ ನಾಟಕ-ನೃತ್ಯ ತಂಡವೊಂದರಲ್ಲಿ ನನ್ನದು ವೇದಿಕೆಯ ಹಿಂದಿನ ಕೆಲಸ. ಪೆಟ್ಟಿಗೆ ಎಣಿಸುವುದು, ವೈರ್ ಎಳೆಯುವುದು, ಲೈಟ್ ಕಟ್ಟುವುದು, ರೋಮನ್ ಸೈನಿಕನ ಚಪ್ಪಲಿ ಕಿತ್ತುಹೋದರೆ ಹೊಲಿದು ಕೊಡುವುದು. ನಟರಿಗೆ ನೆನಪಿರುವುದು ಚಪ್ಪಾಳೆ, ಕಣ್ಣೊರೆಸಿಕೊಂಡು ಬಂದು ಕೈಕುಲುಕಿದವರ ಮುಖ. ನನಗೆ ನೆನಪಿರುವುದು ಕೈಕೊಟ್ಟಿದ್ದೇ ಜಾಸ್ತಿ. ವಿದೇಶದಲ್ಲಿ ಯಾರೋ ಮಾತು ಮರೆತು ನಾಟಕ ಕೆಟ್ಟಿದ್ದು ಅಪರೂಪ. ಕೆಡಿಸಿದ್ದೆಲ್ಲ ಲಗೇಜು, ಗಡಿಯಾರ, ಕ್ಯಾಲೆಂಡರು. 2024ರ ಈಸ್ಟರ್ ಪ್ರವಾಸದಲ್ಲಂತೂ ಇವೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೇ ಬಂದವು.

ಹೊರಡುವಾಗಲೇ ಶುರುವಾಯಿತು. ನಮ್ಮ ತಂಡದ ಒಬ್ಬ ಹುಡುಗಿಯ ಕೈಚೀಲವನ್ನು ಸೆಕ್ಯೂರಿಟಿಯವರು ಪಕ್ಕಕ್ಕೆ ಎತ್ತಿಟ್ಟರು. ಒಳಗಿಂದ ಉದ್ದನೆಯ ಕಬ್ಬಿಣದ ಮೊಳೆಗಳು ಹೊರಬಂದವು. ಒಂದನ್ನು ಬೆಳಕಿಗೆ ಹಿಡಿದು, ಇದು ಯಾತಕ್ಕೆ ಎಂದು ಕೇಳಿದರು. ಅವಳು ಗಾಬರಿಯಲ್ಲಿ "ಶಿಲುಬೆಗೆ" ಎಂದಳು. ಆಮೇಲೆ ಕೆಂಪು ಬಾಟಲಿ ಸಿಕ್ಕಿತು. "ಇದು?" "ರಕ್ತ." ಮುಂದಿನ ಸ್ವಲ್ಪ ಹೊತ್ತು ನಾವ್ಯಾರೂ ನಗುವ ಸ್ಥಿತಿಯಲ್ಲಿ ಇರಲಿಲ್ಲ. 2006ರಿಂದಲೂ ಹೆಚ್ಚಿನ ಕಡೆ ಕೈಚೀಲದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿ ಒಯ್ಯುವಂತಿಲ್ಲ. ನಾಟಕದ ರಕ್ತಕ್ಕೂ ಅದೇ ಕಾನೂನು. ಎರಡೂ ಅಲ್ಲೇ ಉಳಿದವು.

ವಿಮಾನ ಬದಲಿಸಿ ಜರ್ಮನಿಯಲ್ಲಿ ಇಳಿದಾಗ ಎಲ್ಲರ ಸೂಟ್‌ಕೇಸೂ ಬಂತು, ಉಡುಪಿನ ದೊಡ್ಡ ಟ್ರಂಕ್ ಮಾತ್ರ ಬರಲಿಲ್ಲ. ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಕಾರಿ ಪಿಲಾತನ ನಿಲುವಂಗಿ, ಹೆಲ್ಮೆಟ್‌ಗಳು, ಮುಳ್ಳಿನ ಕಿರೀಟ ಎಲ್ಲ ಅದರಲ್ಲೇ. "ನಾಳೆ ಫೋನ್ ಮಾಡಿ ಕೇಳೋಣ, ನಡೀರಿ ಅಣ್ಣ" ಎಂದು ಹುಡುಗರು ಎಳೆದರು. ನಾನು ಕದಲಲಿಲ್ಲ. ನಿಲ್ದಾಣದಿಂದ ಹೊರಗೆ ಕಾಲಿಡುವ ಮೊದಲೇ ಕೌಂಟರ್‌ನಲ್ಲಿ ಪಿಐಆರ್ ಎಂಬ ದೂರಿನ ಫಾರಂ ಬರೆಸಿ ನಂಬರ್ ತೆಗೆದುಕೊಳ್ಳಬೇಕು. ಹೊರಗೆ ಹೋದಮೇಲೆ, ಟ್ರಂಕ್ ಬಂದೇ ಇರಲಿಲ್ಲ ಎಂದು ನಂಬಿಸುವುದು ಬಹಳ ಕಷ್ಟ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲಗೇಜು ತಡವಾಗಿ ಬಂದರೆ, ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಹಾಳಾಗಿ ಬಂದರೆ 7 ದಿನದೊಳಗೆ. ಇನ್ನೊಂದು ವಿಷಯ ತಂಡಗಳಿಗೆ ಗೊತ್ತಿರುವುದೇ ಇಲ್ಲ. ಪರಿಹಾರದ ಮಿತಿ ಪ್ರಯಾಣಿಕನ ಲೆಕ್ಕದಲ್ಲಿ, ಪೆಟ್ಟಿಗೆಯ ಲೆಕ್ಕದಲ್ಲಿ ಅಲ್ಲ. ಇಡೀ ತಂಡದ ಉಡುಪು ಒಬ್ಬನ ಹೆಸರಿನ ಟ್ಯಾಗ್ ಮೇಲೆ ಹೋದರೆ, ಕಳೆದುಹೋದಾಗ ಒಬ್ಬನ ಪಾಲಷ್ಟೇ ಸಿಗುವ ಅಪಾಯ ಇರುತ್ತದೆ. ಈಗ ನಾವು ಒಂದು ಪಾತ್ರದ ಸಾಮಾನನ್ನು ಒಂದೇ ಪೆಟ್ಟಿಗೆಗೆ ತುಂಬುವುದಿಲ್ಲ. ಪಿಲಾತ ಮೂರು ಜನರ ಬ್ಯಾಗ್‌ನಲ್ಲಿ ಹಂಚಿಹೋಗಿರುತ್ತಾನೆ.

ಉಡುಪಿಲ್ಲದಿದ್ದರೇನು, ಗುಡ್ ಫ್ರೈಡೇ ಊರಿನ ಚೌಕದಲ್ಲಿ ನೃತ್ಯವಾದರೂ ಮಾಡೋಣ ಎಂದುಕೊಂಡೆವು. ಹಿಂದಿನ ರಾತ್ರಿ ನಮ್ಮನ್ನು ಕರೆಸಿದ್ದ ಪಾಸ್ಟರ್ ಪಟ್ಟಿ ನೋಡಿ ತಲೆ ಅಲ್ಲಾಡಿಸಿದರು. ಜರ್ಮನಿಯಲ್ಲಿ ಗುಡ್ ಫ್ರೈಡೇ ಕಾನೂನಿನ ಪ್ರಕಾರವೇ 'ಮೌನ ದಿನ'. ಅಂದು ಸಾರ್ವಜನಿಕ ನೃತ್ಯ ಕಾರ್ಯಕ್ರಮಗಳಿಗೆ ತಡೆ ಇದೆ. ಎಷ್ಟು ಹೊತ್ತಿನ ತಡೆ ಎಂಬುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಬರ್ಲಿನ್‌ನಲ್ಲಿ ಬೆಳಗಿನ ಜಾವ 4ರಿಂದ ರಾತ್ರಿ 9ರವರೆಗೆ. ನಮ್ಮದು ಭಕ್ತಿಯ ನೃತ್ಯ, ಡಿಸ್ಕೋ ಅಲ್ಲ ಎಂದು ವಾದ ಮಾಡಬಹುದಿತ್ತೇನೋ. ಆದರೆ ವಾದ ಮಾಡಬೇಕಾಗುವುದು ಪೊಲೀಸರ ಜೊತೆ, ಅದೂ ಪಾಸ್ಟರ್ ಮಾಡಬೇಕು. ಯೇಸುವಿನ ಕಥೆ ಹೇಳಲು ಬಂದವರನ್ನು ಯೇಸು ಸತ್ತ ದಿನವೇ ಕಾನೂನು ತಡೆದುಬಿಟ್ಟಿತು ಅಲ್ವಾ ಎಂದು ಹುಡುಗರು ಗೊಣಗಿದರು.

ಕೊನೆಗೆ ಹೀಗೆ ಮಾಡಿದೆವು. ಡ್ರಮ್ ಇಲ್ಲ, ಸ್ಪೀಕರ್ ಇಲ್ಲ. ಎಲ್ಲರೂ ಅವರವರದೇ ಕಪ್ಪು ಬಟ್ಟೆ. ಚರ್ಚ್‌ನ ಹಿಂದಿದ್ದ ಒಂದು ತೊಲೆಯನ್ನು ಹೆಗಲಿಂದ ಹೆಗಲಿಗೆ ದಾಟಿಸುತ್ತಾ ಬೀದಿಯಲ್ಲಿ ನಿಧಾನವಾಗಿ ನಡೆದೆವು. ಒಬ್ಬ ಬೀಳುತ್ತಾನೆ, ಇನ್ನೊಬ್ಬ ಹೊರುತ್ತಾನೆ, ಅಷ್ಟೇ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಊರಿನವರು ಕೆಲವರು ಹಿಂದೆ ಬರತೊಡಗಿದರು. ಒಬ್ಬ ಮುದುಕರು ಬಂದು ತೊಲೆಯ ತುದಿಗೆ ಕೈಕೊಟ್ಟರು. ನಿಜ ಹೇಳಬೇಕೆಂದರೆ ನೃತ್ಯಕ್ಕಿಂತ ಇದೇ ಚೆನ್ನಾಗಿತ್ತು. ಕೊರಿಯೋಗ್ರಾಫರ್ ಮುಂದೆ ಇದನ್ನು ಹೇಳಿಲ್ಲ.

ಈಸ್ಟರ್ ಬೆಳಿಗ್ಗೆ ಸೂರ್ಯೋದಯದ ಆರಾಧನೆ. 1732ರಲ್ಲಿ ಹೆರ್ನ್‌ಹುಟ್‌ನ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯ ಯುವಕರು ಸ್ಮಶಾನದಲ್ಲಿ ಸೇರಿ ಹಾಡಿದಾಗಿನಿಂದ ಜರ್ಮನಿಯಲ್ಲಿ ಇದು ನಡೆದುಬಂದಿದೆ. ನಮಗೂ ಸ್ಮಶಾನದಲ್ಲೇ ಜಾಗ ಕೊಟ್ಟಿದ್ದರು. ಖಾಲಿ ಸಮಾಧಿಯ ದೃಶ್ಯಕ್ಕೆ ಅದಕ್ಕಿಂತ ಬೇರೆ ಸೆಟ್ ಬೇಕಾ? ಆದರೆ ಆ ಸಲ ಈಸ್ಟರ್ ಬಿದ್ದದ್ದು ಮಾರ್ಚ್ 31ಕ್ಕೆ. ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ರಾತ್ರಿ 2 ಗಂಟೆಯಾದ ಕೂಡಲೇ ಅಲ್ಲಿ 3 ಗಂಟೆ. ಎರಡೂ ಒಂದೇ ದಿನ ಬಂದುಬಿಟ್ಟವು.

ಮೊಬೈಲ್‌ಗಳು ತಾವೇ ಸರಿಮಾಡಿಕೊಂಡವು. ಆದರೆ ನಮ್ಮವರು ಬೇರೆ ಬೇರೆ ಮನೆಗಳಲ್ಲಿ ಉಳಿದುಕೊಂಡಿದ್ದರು. ದೇವದೂತನ ಪಾತ್ರದ ಹುಡುಗ ಇದ್ದದ್ದು ವಯಸ್ಸಾದ ದಂಪತಿಯ ಮನೆಯಲ್ಲಿ. ಅವನ ಫೋನ್ ಚಾರ್ಜ್ ಇಲ್ಲದೆ ಸತ್ತಿತ್ತು. ಅವನನ್ನು ಎಬ್ಬಿಸಬೇಕಾದ ಗೋಡೆ ಗಡಿಯಾರ ಇನ್ನೂ ಹಳೇ ಸಮಯದಲ್ಲೇ ಓಡುತ್ತಿತ್ತು. ಇತ್ತ ಸ್ತ್ರೀಯರು ಸುಗಂಧದ್ರವ್ಯ ಹಿಡಿದು ಸಮಾಧಿಯ ಹತ್ತಿರ ಬಂದರು. ಕಲ್ಲು ಉರುಳಿದೆ, ಒಳಗೆ ಯಾರೂ ಇಲ್ಲ, ಹೊರಗೂ ಯಾರೂ ಇಲ್ಲ. ದೇವದೂತ ಇನ್ನೂ ಹಾಸಿಗೆಯಲ್ಲಿದ್ದ. ಮಗ್ದಲದ ಮರಿಯಳ ಪಾತ್ರದವಳು ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ತಾನೇ ಜನರ ಕಡೆ ತಿರುಗಿ, ದೇವದೂತ ಹೇಳಬೇಕಾದದ್ದನ್ನು ಹೇಳಿಬಿಟ್ಟಳು: "ಆತನು ಇಲ್ಲಿಲ್ಲ, ಎದ್ದಿದ್ದಾನೆ." ಕೊನೆಯ ಸ್ತೋತ್ರ ಹಾಡುವಾಗ ಜಾಕೆಟ್ ಮೇಲೆ ಬಿಳಿ ಅಂಗಿ ಏರಿಸಿಕೊಂಡು ದೇವದೂತ ಗೇಟಿನಿಂದ ಓಡಿಬಂದ. ಅದನ್ನೂ ನಾಟಕದ ಭಾಗ ಎಂದುಕೊಂಡು ಮಕ್ಕಳು ಕೈಬೀಸಿದರು.

ಅವನ ಗ್ರಹಚಾರ ಅಲ್ಲಿಗೇ ಮುಗಿಯಲಿಲ್ಲ. ಸಂಜೆ ಹಾಲ್‌ನಲ್ಲಿ ಅದೇ ದೃಶ್ಯ. ಬಾಡಿಗೆಗೆ ತಂದ ಹೊಗೆ ಯಂತ್ರ ಇತ್ತು. ನಾಟಕದ ಹೊಗೆಗೂ ಬೆಂಕಿಯ ಹೊಗೆಗೂ ಡಿಟೆಕ್ಟರ್ ಎಷ್ಟೋ ಸಲ ವ್ಯತ್ಯಾಸ ಮಾಡುವುದಿಲ್ಲ. ಹಾಗಾಗಿ ಹಾಲ್‌ನ ಅಲಾರಂ ಆಫ್ ಮಾಡಿಸಿ, ಅದಕ್ಕೆ ಪ್ರತ್ಯೇಕವಾಗಿ ಒಬ್ಬರನ್ನು ಕಾವಲಿಗೆ ಇಟ್ಟಿದ್ದೆವು. ಕಾರಿಡಾರ್‌ನ ಅಲಾರಂ ಬೇರೆ ಸರ್ಕ್ಯೂಟ್ ಎಂದು ಕಟ್ಟಡದವರಿಗೇ ಗೊತ್ತಿರಲಿಲ್ಲ. ತಡವಾಗಿ ಬಂದ ಯಾರೋ ಬಾಗಿಲು ತೆರೆದರು, ಹೊಗೆ ಆ ಕಡೆ ನುಗ್ಗಿತು. ದೇವದೂತ ಕೈ ಎತ್ತಿ "ಹೆದರಬೇಡಿರಿ" ಎನ್ನುವುದಕ್ಕೂ ಸೈರನ್ ಕೂಗುವುದಕ್ಕೂ ಸರಿಹೋಯಿತು. ಎಲ್ಲರೂ ಸಾಲಾಗಿ ಎದ್ದು ಹೊರಗೆ ಹೋದರು. ಅಗ್ನಿಶಾಮಕದವರು ಬಂದು ನೋಡಿ ಹೋದಮೇಲೆ ಉಳಿದ ಭಾಗವನ್ನು ಪಾರ್ಕಿಂಗ್ ಜಾಗದಲ್ಲಿ ಮಾಡಿದೆವು. ಅಂದಿನಿಂದ ಹೊಗೆ ಬಳಸುವುದನ್ನೇ ನಿಲ್ಲಿಸಿದ್ದೇವೆ. ಹೊಗೆ ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲ.

ಟ್ರಂಕ್ ನಮ್ಮ ಕೈಸೇರಿದ್ದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ, ಈಸ್ಟರ್ ಮುಗಿದಮೇಲೆ. ಅಲ್ಲಿಂದ ವ್ಯಾನ್‌ನಲ್ಲಿ ರೊಮೇನಿಯಾಕ್ಕೆ. ಅದೇ ಮಾರ್ಚ್ 31ರಂದು ರೊಮೇನಿಯಾ ಷೆಂಗೆನ್ ಸೇರಿತ್ತು, ಅಂದರೆ ಒಳಗಡಿಗಳಲ್ಲಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಆದರೆ ಸೇರಿದ್ದು ವಿಮಾನ ಮತ್ತು ಹಡಗಿನ ದಾರಿಗೆ ಮಾತ್ರ. ರಸ್ತೆಯ ಗಡಿಯಲ್ಲಿ ತಪಾಸಣೆ ನಿಂತದ್ದು 2025ರ ಜನವರಿ 1ಕ್ಕೆ. ನಮ್ಮಲ್ಲಿ ನಾಲ್ಕಾರು ದೇಶಗಳ ಪಾಸ್‌ಪೋರ್ಟ್‌ನವರು ಇದ್ದರು. ಹಾಗಾಗಿ ನಿಂತೆವು, ಇಳಿದೆವು, ಟ್ರಂಕ್ ಬಿಚ್ಚಿದೆವು. ಈಟಿ, ಸರಪಳಿ, ಕೆಂಪು ಕಲೆಯ ಚಾವಟಿ. ಸಾಮಾನಿನ ಪಟ್ಟಿಯ ಜೊತೆ ನಾಟಕದ ಫೋಟೋಗಳನ್ನು ಪ್ರಿಂಟ್ ಮಾಡಿ ಇಟ್ಟುಕೊಂಡಿದ್ದು ಆಗ ಕೆಲಸಕ್ಕೆ ಬಂತು. ಫೋಟೋ ನೋಡಿದ ಮೇಲೆ ಅಧಿಕಾರಿಯ ಮುಖ ಸಡಿಲವಾಯಿತು. (ಸ್ವಿಟ್ಜರ್ಲೆಂಡ್‌ಗೋ ಬ್ರಿಟನ್‌ಗೋ ಸಲಕರಣೆ ಒಯ್ಯುವುದಾದರೆ ಬರೀ ಪಟ್ಟಿ ಸಾಲದು, ಎಟಿಎ ಕಾರ್ನೆ ಎಂಬ ಕಸ್ಟಮ್ಸ್ ಪುಸ್ತಕ ಮಾಡಿಸುವುದು ವಾಸಿ. ಒಳಗೆ ಹೋಗುವಾಗ ಮಾತ್ರವಲ್ಲ, ಹೊರಗೆ ಬರುವಾಗಲೂ ಸೀಲು ಹಾಕಿಸಬೇಕು.)

ಕ್ಲೂಜ್ ನಗರಕ್ಕೆ ಬಂದು ಅಂತೂ ಉಡುಪು ಹಾಕಿಕೊಳ್ಳಬಹುದು ಎಂದು ಖುಷಿಪಟ್ಟರೆ, ಅಲ್ಲಿ ಈಸ್ಟರ್ ಬಂದೇ ಇರಲಿಲ್ಲ. ಅಲ್ಲಿನ ಆರ್ಥೊಡಾಕ್ಸ್ ಎಂಬ ಪ್ರಾಚೀನ ಕ್ರೈಸ್ತ ಪಂಗಡದ ಸಭೆಗಳು ಈಸ್ಟರ್ ದಿನ ಲೆಕ್ಕ ಹಾಕುವುದು ಹಳೆಯ ಜೂಲಿಯನ್ ಕ್ಯಾಲೆಂಡರ್ ಹಿಡಿದು. 2024ರಲ್ಲಿ ಅವರ ಈಸ್ಟರ್ ಮೇ 5ಕ್ಕೆ. ಹಂಗೇರಿಯನ್ ಮಾತಾಡುವ ಸಭೆಗಳಲ್ಲಿ ಹಬ್ಬ ಮುಗಿದಿತ್ತು, ಅದೇ ಊರಿನ ರೊಮೇನಿಯನ್ ಸಭೆಗಳಲ್ಲಿ ಉಪವಾಸ ಕಾಲ ನಡೆಯುತ್ತಿತ್ತು. ಉಪವಾಸದಲ್ಲಿ ಇರುವವರ ಮುಂದೆ ಪುನರುತ್ಥಾನದ ಕುಣಿತ ಹೇಗೆ ಮಾಡುವುದು? ಕರೆಸಿದವರು ಬೇಡ ಎನ್ನಲಿಲ್ಲ, ಆದರೆ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆಗ ತೆಗೆದದ್ದು ತಪ್ಪಿಹೋದ ಮಗನ ಕಥೆ, ಬೈಬಲ್ಲಿನ ಲೂಕ 15: ಮನೆ ಬಿಟ್ಟುಹೋಗಿ ಮರಳಿದ ಮಗನಿಗೆ ತಂದೆ ಅಂಗಿ, ಉಂಗುರ ತೊಡಿಸುತ್ತಾನೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಉಪವಾಸ ಕಾಲ ಶುರುವಾಗುವ ಮುಂಚೆ ಒಂದು ಭಾನುವಾರವನ್ನೇ ಈ ಕಥೆಗೆ ಮೀಸಲಿಟ್ಟಿದ್ದಾರೆ. ಕಥೆ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಟ್ರಂಕ್ ಇಲ್ಲದ ದಿನಗಳಲ್ಲಿ ನಮ್ಮವರು ಇದನ್ನು ಬರಿಗೈಯಲ್ಲಿ ಅಭ್ಯಾಸ ಮಾಡಿದ್ದರು. ಉಂಗುರವಿಲ್ಲ, ಮಗನ ಬೆರಳನ್ನು ತಂದೆ ಎರಡು ಬೆರಳಲ್ಲಿ ಹಿಡಿದು ಸವರುತ್ತಾನೆ. ಅಂಗಿಯಿಲ್ಲ, ಹೆಗಲ ಮೇಲಿಂದ ಮೊಣಕೈವರೆಗೆ ಕೈ ಇಳಿಸುತ್ತಾನೆ. ಮಾತಿಲ್ಲ, ಆದ್ದರಿಂದ ಅನುವಾದಕರೂ ಬೇಡ. ಅನುವಾದಕರಿದ್ದರೆ ಅರ್ಧ ಗಂಟೆಯ ನಾಟಕ ಒಂದು ಗಂಟೆ ಎಳೆಯುತ್ತದೆ, ನಗೆ ಬರಬೇಕಾದಲ್ಲಿ ಎರಡು ಸಲ ನಿಲ್ಲಬೇಕು. ಅಷ್ಟು ಕಷ್ಟಪಟ್ಟು ಗಡಿ ದಾಟಿಸಿದ ಟ್ರಂಕ್ ಚರ್ಚ್‌ನ ಮೂಲೆಯಲ್ಲಿ ಬೀಗ ಹಾಕಿಯೇ ಕೂತಿತ್ತು.

ಈಗ ಹೊಸ ನಾಟಕ ಕಟ್ಟುವಾಗ ಮೊದಲು ಬರಿಗೈಯಲ್ಲಿ ಕಟ್ಟುತ್ತೇವೆ, ಸಾಮಾನು ಆಮೇಲೆ. ಕರೆಸುವವರಿಗೆ ಮೊದಲೇ ಒಂದು ಉದ್ದನೆಯ ಮೇಲ್ ಹೋಗುತ್ತದೆ. ನಿಮ್ಮಲ್ಲಿ ಅಂದು ಯಾವ ಹಬ್ಬ, ಯಾವ ಉಪವಾಸ? ಗಡಿಯಾರ ಬದಲಾಗುವ ವಾರವೇ? ನೆಲ ಕಲ್ಲಿನದೇ, ಮರದ್ದೇ? (ಏಪ್ರಿಲ್‌ನಲ್ಲೂ ಹಳೆಯ ಚರ್ಚ್‌ನ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದು ನೋಡಿ, ಗೊತ್ತಾಗುತ್ತೆ.) ಗಂಟೆ ತಾನಾಗಿ ಬಾರಿಸುತ್ತದೆಯೇ, ಎಷ್ಟು ಹೊತ್ತಿಗೆ? ಉಳಿಯುವ ಮನೆಯಲ್ಲಿ ಬೆಕ್ಕಿದೆಯೇ? ಕೊನೆಯಲ್ಲಿ ಕಟ್ಟಡ ನೋಡಿಕೊಳ್ಳುವವರ ಫೋನ್ ನಂಬರ್ ಕೇಳುತ್ತೇವೆ. ಪಾಸ್ಟರ್ ನಂಬರ್ ಎಲ್ಲರ ಹತ್ತಿರವೂ ಇರುತ್ತದೆ. ಅಲಾರಂ, ಫ್ಯೂಸ್, ಹಿಂಬಾಗಿಲ ಬೀಗದ ಕೈ ಇರುವುದು ಮಾತ್ರ ಇವರ ಹತ್ತಿರ.