ಮೆಮೊರಿ ಸೀಟು ಕೆಟ್ಟರೆ ಮೊದಲು ವೈರು ನೋಡಿ

ಕಾರಿನ ಮೆಮೊರಿ ಸೀಟು ಅಂದರೆ ನೀವು ಸೇವ್ ಮಾಡಿಟ್ಟ ಜಾಗಕ್ಕೆ ಬಟನ್ ಒತ್ತಿದರೆ ತಾನೇ ಸರಿಯುವ ಸೀಟು. ಸ್ವಿಚ್ ಒತ್ತಿದರೆ ಅದು ಹಿಂದೆ ಮುಂದೆ ಸಲೀಸಾಗಿ ಸರಿಯುತ್ತದೆ, ಮೆಮೊರಿಯ 1 ಒತ್ತಿದರೆ ಮಾತ್ರ ಒಂದಿಷ್ಟು ಸರಿದು ನಿಂತುಬಿಡುತ್ತದೆ. ಮಾಡ್ಯೂಲ್ (ಸೀಟನ್ನು ನಡೆಸುವ ಪುಟ್ಟ ಕಂಪ್ಯೂಟರ್) ಹೋಗಿದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಮೋಟಾರ್ ಓಡುತ್ತಿದೆ ಅಂದಮೇಲೆ ಅದರ ಎರಡು ದಪ್ಪ ವೈರು ಸರಿಯಾಗಿಯೇ ಇವೆ. ಸೀಟು ಎಲ್ಲಿದೆ ಅಂತ ಮಾಡ್ಯೂಲಿಗೆ ತಿಳಿಸುವುದು ಮೋಟಾರಿನಲ್ಲಿರುವ ಸೆನ್ಸರ್. ಮೊದಲು ಅದರ ತೆಳು ವೈರು, ಕನೆಕ್ಟರ್ ನೋಡಿ.

ಸೀಟನ್ನು ಪೂರ್ತಿ ಹಿಂದೆ, ಆದಷ್ಟು ಮೇಲೆ ಒಯ್ದಿಡಿ, ಬ್ಯಾಟರಿ ಬಿಚ್ಚಿದ ಮೇಲೆ ಅದು ಕದಲುವುದಿಲ್ಲ. ಆಮೇಲೆ ಬ್ಯಾಟರಿಯ ಮೈನಸ್ ತೆಗೆದು, ಗಾಡಿಯ ಮ್ಯಾನ್ಯುಯಲ್ ಹೇಳುವಷ್ಟು ಹೊತ್ತು ಕಾಯಿರಿ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ನದು. ಅದಕ್ಕೆ ಮಲ್ಟಿಮೀಟರ್ (ವೈರು ಪರೀಕ್ಷಿಸುವ ಮೀಟರ್) ಮುಟ್ಟಿಸಲೇಬೇಡಿ, ಮೀಟರಿನ ಸಣ್ಣ ಕರೆಂಟಿಗೂ ಏರ್‌ಬ್ಯಾಗ್ ಸಿಡಿಯಬಹುದು.

ಇನ್ನು ಟಾರ್ಚ್ ಹಿಡಿದು ಉಳಿದ ಕನೆಕ್ಟರ್ ನೋಡಿ. ಬಿಚ್ಚುವಾಗ ವೈರು ಎಳೆಯಬೇಡಿ, ಲಾಕ್ ಒತ್ತಿ ಪ್ಲಾಸ್ಟಿಕ್ ಹಿಡಿದು ಎಳೆಯಿರಿ. ಪಿನ್ ಮೇಲೆ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಕೆಳಗಿನ ಕಾರ್ಪೆಟ್ ಒತ್ತಿ ನೋಡಿ, ಒದ್ದೆಯಿದ್ದರೆ ಎಸಿ ಅಥವಾ ಸನ್‌ರೂಫ್ ನೀರು ಹೋಗುವ ಪೈಪ್ ಕಟ್ಟಿಕೊಂಡಿರಬಹುದು, ಅದನ್ನು ಬಿಡಿಸದಿದ್ದರೆ ಕಿಲುಬು ಮತ್ತೆ ಬರುತ್ತೆ. ಪ್ರತಿ ವೈರನ್ನೂ ಹಿಂದಿನಿಂದ ಮೆಲ್ಲಗೆ ಎಳೆದು ನೋಡಿ, ಸಡಿಲಾದ ಪಿನ್ ಹಿಂದಕ್ಕೆ ಜಾರಿ ಬರುತ್ತದೆ. ನೋಡುವಾಗ ಎಲ್ಲಾ ಸರಿಯಿದ್ದಂತೆ ಕಾಣುತ್ತೆ, ಅಲ್ವಾ? ಅದಕ್ಕೇ ಎಳೆದು ನೋಡಬೇಕು.

ಸೀಟು ಸರಿದಂತೆಲ್ಲ ವೈರಿನ ಕಟ್ಟು ಒಂದೇ ಜಾಗದಲ್ಲಿ ಮಡಚುತ್ತದೆ. ಅಲ್ಲಿ ಮೇಲಿನ ಹೊದಿಕೆ ಹರಿಯದೆ ಒಳಗಿನ ತಾಮ್ರ ಮಾತ್ರ ತುಂಡಾಗಿರಬಹುದು. ಎರಡೂ ತುದಿಯ ಕನೆಕ್ಟರ್ ಬಿಚ್ಚಿ, ಮೀಟರನ್ನು ಬೀಪ್‌ಗೆ ಇಟ್ಟು, ಅದರ ಎರಡು ಕಡ್ಡಿಗಳನ್ನು ಒಂದೇ ವೈರಿನ ಎರಡೂ ತುದಿಗೆ ಮುಟ್ಟಿಸಿ, ಆ ಜಾಗವನ್ನು ಅಲ್ಲಾಡಿಸಿ. ಬೀಪ್ ತುಂಡು ತುಂಡಾಗಿ ಬಂದರೆ ವೈರು ಸಿಕ್ಕಿತು.

ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಮಡಚುವ ಜಾಗದಲ್ಲಿ ಸೋಲ್ಡರೂ ಬೇಡ, ಅದರ ಪಕ್ಕದಲ್ಲೇ ತಾಮ್ರ ಮುರಿಯುತ್ತದೆ. ಅಷ್ಟೇ ದಪ್ಪದ ವೈರು ತಂದು, ಮಡಿಕೆಯಿಂದ ದೂರದಲ್ಲಿ ಕ್ರಿಂಪ್ ಮಾಡಿ (ಲೋಹದ ತುಣುಕಿನಲ್ಲಿಟ್ಟು ಒತ್ತಿ ಜೋಡಿಸಿ), ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಕೊಳವೆ) ಹಾಕಿ. ಒಂದಕ್ಕೊಂದು ತಿರುಚಿದ ಜೋಡಿ ವೈರು ಸಿಕ್ಕರೆ ಅದು ಗಾಡಿಯ ಕಂಪ್ಯೂಟರ್ ಲೈನ್ ಇರಬಹುದು, ಆ ತಿರುಚನ್ನು ಹಾಗೇ ಉಳಿಸಿ. ಸೀಟು ಹಿಂದೆ ಮುಂದೆ ಹೋದಾಗ ಬಿಗಿಯಾಗದಷ್ಟು ವೈರು ಸಡಿಲ ಬಿಟ್ಟು, ಹಳೆಯ ಕ್ಲಿಪ್‌ಗಳಲ್ಲೇ ಕೂರಿಸಿ.

ಕನೆಕ್ಟರೆಲ್ಲ ಕೂರಿಸಿದ ಮೇಲೆಯೇ ಬ್ಯಾಟರಿ ಹಾಕಿ. ಸೀಟನ್ನು ಪ್ರತಿ ದಿಕ್ಕಿನಲ್ಲೂ ಎರಡೂ ಕೊನೆವರೆಗೆ ಓಡಿಸಿ, ತುಂಬಾ ಗಾಡಿಗಳಲ್ಲಿ ಮಾಡ್ಯೂಲ್ ತನ್ನ ಅಳತೆ ಕಲಿಯುವುದು ಹೀಗೆ. ಕೆಲವಕ್ಕೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಬೇಕು. ಆಮೇಲೆ ಬೇಕಾದ ಕಡೆ ಸೀಟು ನಿಲ್ಲಿಸಿ, ಸೆಟ್ ಒತ್ತಿ, 1 ಒತ್ತಿ.