ಟೇಪು ಹಿಡಿಯುವ ಮುನ್ನ ಬಟ್ಟೆ ಎಣಿಸಿ: 10×13ರ ಬೆಡ್‌ರೂಮಿನಲ್ಲಿ ವಾಕ್-ಇನ್ ವಾರ್ಡ್‌ರೋಬ್

ಮುಂಬಯಿ ಭಾಗದ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಫ್ಲ್ಯಾಟುಗಳಲ್ಲಿ 10 ಅಡಿಗೆ 13 ಅಡಿಯ ಬೆಡ್‌ರೂಮು ಸಿಕ್ಕರೇ ಪುಣ್ಯ. ಅದರೊಳಗೇ ನಡೆದಾಡುವಂಥ ಬಟ್ಟೆಕೋಣೆಯೂ ಬೇಕೆಂದರೆ ಆಗದ ಮಾತಲ್ಲ, ಆದರೆ ಇಂಚಿಂಚಿಗೂ ಲೆಕ್ಕ ಬೇಕು. ಕೋಣೆ ಇದಕ್ಕಿಂತ ಚಿಕ್ಕದಿದ್ದರೆ ಆಸೆ ಬಿಟ್ಟು ಗೋಡೆಗೊರಗಿದ ಕಪಾಟು ಮಾಡಿಸುವುದೇ ಜಾಣತನ.

ಬಟ್ಟೆಯ ಲೆಕ್ಕ

ನೇತುಹಾಕುವುದು, ಮಡಚಿಡುವುದು ಎಂದು ಎರಡು ರಾಶಿ ಮಾಡಿ. ರಾಡಿನ ಮೇಲೆ ಶರ್ಟಿಗೆ ಸುಮಾರು 1 ಇಂಚು, ಕೋಟಿಗೆ 2ರಿಂದ 3 ಇಂಚು ಜಾಗ ಬೇಕು. ಒಟ್ಟು ಅಳತೆಗೆ ಕಾಲುಭಾಗ ಹೆಚ್ಚಿಗೆ ಸೇರಿಸಿ. ಹಬ್ಬ, ಮದುವೆ ಬಂದೇ ಬರುತ್ತವೆ.

ಜರಿಯ ಭಾರದ ರೇಷ್ಮೆ ಸೀರೆಗಳನ್ನು ನೇತುಹಾಕಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಶೆಲ್ಫಿನಲ್ಲಿ ಮಲಗಿಸಿ. ಅದಕ್ಕೆ 15–16 ಇಂಚು ಆಳ, ಶೆಲ್ಫುಗಳ ನಡುವೆ 10 ಇಂಚು ಎತ್ತರ ಸಾಕು. ಒಂದು ರಾಶಿಯಲ್ಲಿ ಐದಾರಕ್ಕಿಂತ ಹೆಚ್ಚು ಬೇಡ, ಅಡಿಯ ಸೀರೆ ಎಳೆದರೆ ಇಡೀ ರಾಶಿ ಜಾರುತ್ತದೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಜರಿ ಅಲ್ಲೇ ಮುರಿಯುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ; ಅದಕ್ಕೆ ಅನುಕೂಲವಾಗುವಂತೆ ಕೈಗೆಟಕುವ ಎತ್ತರದಲ್ಲೇ ಸೀರೆಗಳಿರಲಿ.

ಅಗಲ

ಹ್ಯಾಂಗರ್ 17–18 ಇಂಚು ಇರುತ್ತದೆ. ತೋಳು ಉಜ್ಜದಂತೆ ಒಳಗೆ 22 ಇಂಚು ಬೇಕು, ಹಿಂಬದಿಯ ಪ್ಲೈ ಎಲ್ಲ ಸೇರಿ 24. ನಡೆಯಲು 36 ಇಂಚು, ತೀರಾ ಇಕ್ಕಟ್ಟಾದರೆ 30. ಅಂದರೆ ಒಂದೇ ಬದಿಗೆ ಕಪಾಟಿದ್ದರೆ 5 ಅಡಿ, ಎರಡೂ ಬದಿಗಿದ್ದರೆ 7 ಅಡಿ. ಆರಡಿಯಲ್ಲೇ ಎರಡು ಬದಿ ಕೂಡಿಸಿಕೊಡುತ್ತೇನೆ ಎನ್ನುವ ಕಾರ್ಪೆಂಟರ್ ಇದ್ದಾನೆ. ಆಗ ನಡುವೆ ಉಳಿಯುವುದು 24 ಇಂಚು, 18 ಇಂಚಿನ ಡ್ರಾಯರ್ ಎಳೆದರೆ ನೀವು ಹೊರಗೆ ಹೋಗಬೇಕು!

13 ಅಡಿಯಲ್ಲಿ 5 ಅಡಿ ವಾರ್ಡ್‌ರೋಬಿಗೆ, 3 ಇಂಚು ಪಾರ್ಟಿಷನ್ನಿಗೆ ಹೋದರೆ ಉಳಿಯುವುದು 7 ಅಡಿ 9 ಇಂಚು. ಐದಡಿ ಅಗಲ, ಆರೂವರೆ ಅಡಿ ಉದ್ದದ ಮಂಚವನ್ನು 10 ಅಡಿಯ ದಿಕ್ಕಿಗೆ ಹಾಕಿ. ಕಾಲ ಬಳಿ ಮೂರೂವರೆ ಅಡಿ ಸಿಗುತ್ತದೆ. ಒಳಗೆ ಹೋಗುವ 30 ಇಂಚಿನ ದಾರಿ ಅಲ್ಲೇ ಇರಲಿ. ಒಳಕ್ಕೆ ತೆರೆಯುವ ಬಾಗಿಲು ಬೇಡ. ಸ್ಲೈಡಿಂಗ್ ಅಥವಾ ಪರದೆ ಸಾಕು. ಕಿಟಕಿ ಮಲಗುವ ಭಾಗದಲ್ಲೇ ಉಳಿಯಬೇಕು.

ಹತ್ತಡಿಯ ಹಂಚಿಕೆ

ಮೂರಡಿಯ ಮೊದಲ ಖಾನೆಯಲ್ಲಿ ನೆಲದಿಂದ 40 ಮತ್ತು 80 ಇಂಚಿಗೆ ಎರಡು ರಾಡು. ಎರಡಡಿಯ ಖಾನೆಯಲ್ಲಿ 68 ಇಂಚಿಗೆ ಒಂದೇ ರಾಡು, ಉದ್ದನೆಯ ಉಡುಪುಗಳಿಗೆ. ಮುಂದಿನ ಮೂರಡಿ ಸೀರೆಗೆ; ನಡುವೆ ಒಂದು ನಿಲುವು ಹಲಗೆ ಕೊಡಿಸಿ, ಇಲ್ಲವಾದರೆ 18 ಮಿ.ಮೀ. ಪ್ಲೈ ಸೀರೆಯ ಭಾರಕ್ಕೆ ಬಗ್ಗುತ್ತದೆ. ಕೊನೆಯ ಎರಡಡಿಯಲ್ಲಿ ಸೊಂಟದೆತ್ತರದವರೆಗೆ ಡ್ರಾಯರು. ಚಪ್ಪಲಿ-ಶೂ ಆದಷ್ಟು ಹೊರಗಿರಲಿ. 84 ಇಂಚಿನ ಮೇಲೆ ಲಾಫ್ಟ್: ಊರಿಗೆ ಒಯ್ಯುವ ದೊಡ್ಡ ಸೂಟ್‌ಕೇಸನ್ನು ಅಡ್ಡ ಇಡಲು ಎರಡಡಿ ಎತ್ತರ ಬೇಕು.

ಹೆಚ್ಚಿನವರು ತಪ್ಪುವುದು ಪ್ಲೈ ದಪ್ಪದ ಲೆಕ್ಕದಲ್ಲಿ. ನಾಲ್ಕು ಖಾನೆಗೆ ಎಂಟು ಬದಿಹಲಗೆ, ತಲಾ 18 ಮಿ.ಮೀ.: ಹೆಚ್ಚುಕಡಿಮೆ ಆರು ಇಂಚು ಹೋಯಿತು. ಗೋಡೆಯೂ ನೇರವಿರುವುದಿಲ್ಲ. ಕೆಳಗೆ, ನಡುವೆ, ಮೇಲೆ ಅಳೆದು ಅತಿ ಚಿಕ್ಕ ಅಳತೆಯನ್ನೇ ಹಿಡಿಯಿರಿ, ಎರಡೂ ತುದಿಗೆ ಅರ್ಧ ಇಂಚು ಬಿಡಿ. ನಮ್ಮ ಬಡಗಿಗಳ ‘ನೂಲು’ ಇಲ್ಲಿಯ ಮಿಸ್ತ್ರಿಗಳ ಬಾಯಲ್ಲಿ ‘ಸೂತ್’. ಎಂಟು ಸೂತ್‌ಗೆ ಒಂದಿಂಚು. ಮಿಲಿಮೀಟರ್, ಸೂತ್ ಎರಡನ್ನೂ ನಕ್ಷೆಯಲ್ಲಿ ಬೆರೆಸಬೇಡಿ.

ಮುಂಬಯಿ ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುವುದು ಹೊಸತಲ್ಲ. ಗಾಳಿಯಿಲ್ಲದ ಬಟ್ಟೆಕೋಣೆಯಲ್ಲಂತೂ ಇನ್ನೂ ಬೇಗ. ಮಳೆ ಬಡಿಯುವ ಹೊರಗೋಡೆಗಾಗಲಿ, ಬಾತ್‌ರೂಮಿನ ಗೋಡೆಗಾಗಲಿ ಕಪಾಟು ಅಂಟಬಾರದು. ಬೇರೆ ದಾರಿಯೇ ಇಲ್ಲದಿದ್ದರೆ ಸೋರಿಕೆ ಮೊದಲು ಸರಿಪಡಿಸಿ, ಹಿಂದೆ 1 ಇಂಚು ಸಂದು ಬಿಡಿ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ನೀರು ಕುಡಿದು ಉಬ್ಬುತ್ತದೆ. ತೇವ ತಡೆಯುವ ಬಿ.ಡಬ್ಲ್ಯು.ಆರ್. ಪ್ಲೈ ಕೇಳಿ. ಕಪಾಟು ನೆಲದಿಂದ 4 ಇಂಚು ಮೇಲಿರಲಿ. ಪಾರ್ಟಿಷನ್ನನ್ನು ಛಾವಣಿಗೆ ಮುಟ್ಟಿಸದೆ ಒಂದಡಿ ತೆರೆದಿಡಿ, ಗಾಳಿಯಾಡಲಿ. ಖಾನೆಗಳಿಗೆ ಬಾಗಿಲಿಲ್ಲದಿದ್ದರೂ ನಡೆದೀತು. ಸೀರೆಯದಕ್ಕೆ ಮಾತ್ರ ಧೂಳು ತಡೆಯಲು ಬಾಗಿಲು ಹಾಕಿಸಿ.

ದೀಪ ಛಾವಣಿಯ ನಡುವೆ ಒಂದೇ ಇದ್ದರೆ ನಿಮ್ಮ ನೆರಳೇ ಬಟ್ಟೆ ಮೇಲೆ ಬೀಳುತ್ತದೆ. ಖಾನೆಗಳ ಮುಂದಂಚಿಗೆ ಎಲ್‌.ಇ.ಡಿ. ಪಟ್ಟಿ ಹಾಕಿಸಿ.

ಪ್ಲೈ ತರಿಸುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ನಕ್ಷೆ ಗೀಚಿ, ಒಳಗೆ ನಿಂತು ಬಗ್ಗಿ ನೋಡಿ. ಸೊಸೈಟಿಗೆ ತಿಳಿಸಿ. ಎಂಟಡಿಯ ಹಲಗೆ ನಿಮ್ಮ ಲಿಫ್ಟಿನಲ್ಲಿ ಹಿಡಿಸುತ್ತದೋ, ಮೆಟ್ಟಿಲ ತಿರುವಿನಲ್ಲಿ ತಿರುಗುತ್ತದೋ ನೋಡಿಕೊಳ್ಳಿ. ಇಲ್ಲವಾದರೆ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ತರಿಸಬೇಕು.