ಚಿತ್ರದ ನಂಬರ್ ತಪ್ಪದಂತೆ ಮಷಿನ್ ಮ್ಯಾನ್ಯುವಲ್ ಬರೆಯುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಗೆ ಹೈಡ್ರಾಲಿಕ್ ಪ್ರೆಸ್‌ನ ಮ್ಯಾನ್ಯುವಲ್ ಮಾಡಿಕೊಟ್ಟಿದ್ದೆ. ಅರವತ್ತು ಪುಟ. ವಾರ ಕಳೆದ ಮೇಲೆ ಅಲ್ಲಿನ ಆಪರೇಟರ್ ಫೋನ್ ಮಾಡಿದರು. “ಸರ, ವಾಲ್ವ್ ತಿರುಗಸೂಕಿಂತ ಮೊದಲ ಚಿತ್ರ 7 ನೋಡ್ರಿ ಅಂತ ಬರದೀರಿ. ಅದರಾಗ ಬರೇ ಮೋಟರ್ ಐತಿ. ವಾಲ್ವ್ ಎಲ್ಲೈತ್ರಿ?”

ಕೊನೆ ಗಳಿಗೆಯಲ್ಲಿ ನಡುವೆ ಒಂದು ಫೋಟೊ ಸೇರಿಸಿದ್ದೆ. ಚಿತ್ರಗಳ ಕೆಳಗಿನ ನಂಬರ್ ತಿದ್ದಿದ್ದೆ, ಸಾಲುಗಳ ಒಳಗಿದ್ದದ್ದು ಹಾಗೇ ಉಳಿದಿತ್ತು. ಅವರು ಕೇಳಿದ್ದು ಒಳ್ಳೆಯದಾಯಿತು. ಪ್ರೆಷರ್ ಇರುವಾಗ ತಪ್ಪು ಕಡೆ ಬಿಚ್ಚಿದರೆ ಎಣ್ಣೆ ಚಿಮ್ಮಿ ಚರ್ಮವನ್ನೇ ಸೀಳುತ್ತದೆ. ಅವತ್ತಿನಿಂದ ನಾನು ಒಂದು ನಂಬರನ್ನೂ ಕೈಯಿಂದ ಟೈಪ್ ಮಾಡಿಲ್ಲ.

ನಾನು ಬಳಸುವುದು ಲಿಬ್ರೆಆಫೀಸ್ ರೈಟರ್ ಅನ್ನುವ ಬರವಣಿಗೆಯ ಸಾಫ್ಟ್‌ವೇರ್. ಉಚಿತ. ವರ್ಡ್‌ನಲ್ಲೂ ಇದೇ ಕ್ರಮ, ಬಟನ್‌ಗಳ ಜಾಗ ಮಾತ್ರ ಬೇರೆ.

ಮೊದಲು ಕಂಪ್ಯೂಟರ್ ಬಿಟ್ಟು ಮಷಿನ್ ಹತ್ತಿರ ಹೋಗಿ. ಆಪರೇಟರ್ ಬೆಳಿಗ್ಗೆ ಬಂದು ಏನೇನು ಮುಟ್ಟುತ್ತಾರೆ, ಯಾವ ಕ್ರಮದಲ್ಲಿ ಅಂತ ನೋಡಿ ಬರೆದುಕೊಳ್ಳಿ. ಅಧ್ಯಾಯಗಳು ಅಲ್ಲಿಂದಲೇ ಸಿಗುತ್ತವೆ.

ಈಗ ರೈಟರ್ ತೆರೆದು ಎಫ್11 ಒತ್ತಿ. ಬಲಕ್ಕೆ ಸ್ಟೈಲ್‌ಗಳ, ಅಂದರೆ ಹೆಸರಿಟ್ಟು ಉಳಿಸಿದ ಅಕ್ಷರ-ಪ್ಯಾರಾ ವಿನ್ಯಾಸಗಳ, ಪಟ್ಟಿ ಬರುತ್ತದೆ. ಶೀರ್ಷಿಕೆಯನ್ನು ಸುಮ್ನೆ ಬೋಲ್ಡ್ ಮಾಡಿ ಅಕ್ಷರ ದೊಡ್ಡದು ಮಾಡಬೇಡಿ. ಕಣ್ಣಿಗೆ ಶೀರ್ಷಿಕೆಯ ಹಾಗೆ ಕಂಡರೂ ಸಾಫ್ಟ್‌ವೇರ್‌ಗೆ ಅದು ಬರೀ ಇನ್ನೊಂದು ಸಾಲು. ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ 1 ಒತ್ತಿ, ಅದು ‘ಹೆಡಿಂಗ್ 1’ ಆಗುತ್ತದೆ. ಉಪಶೀರ್ಷಿಕೆಗೆ 2. ವರ್ಡ್‌ನಲ್ಲಾದರೆ ಆಲ್ಟ್ ಕೀಯನ್ನೂ ಸೇರಿಸಿ ಒತ್ತಬೇಕು.

ಕನ್ನಡದಲ್ಲಿ ಬರೆಯುವವರು ಸಿಕ್ಕಿಬೀಳುವ ಜಾಗ ಒಂದಿದೆ. ಸ್ಟೈಲ್‌ನಲ್ಲಿ ಫಾಂಟ್ ಬದಲಿಸುತ್ತೀರಿ, ಇಂಗ್ಲಿಷ್ ಅಕ್ಷರ ಬದಲಾಗುತ್ತದೆ, ಕನ್ನಡ ಜಗ್ಗುವುದಿಲ್ಲ. ರೈಟರ್‌ನಲ್ಲಿ ಕನ್ನಡದ ಫಾಂಟ್ ಮತ್ತು ಸೈಜ್ ಬೇರೆ ಕಡೆ, ‘ಕಾಂಪ್ಲೆಕ್ಸ್’ ಅನ್ನುವ ಹೆಸರಿನಡಿ ಇರುತ್ತದೆ. ಅದು ಕಾಣದಿದ್ದರೆ ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಭಾಷೆಯ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಟಿಕ್ ಹಾಕಿ. ಟೈಪಿಂಗ್ ಯುನಿಕೋಡ್‌ನಲ್ಲೇ ಇರಲಿ, ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಸಾಕು. ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದ ಫೈಲ್, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಓದಲಾಗದ ಗೀಚು ಆಗಿಬಿಡುತ್ತದೆ.

ಮುಂದೆ ‘ಎಚ್ಚರಿಕೆ’ ಅಂತ ನಿಮ್ಮದೇ ಒಂದು ಸ್ಟೈಲ್ ಮಾಡಿ. ಸುತ್ತ ಗೆರೆ, ಒಳಗೆ ತೆಳು ಹಳದಿ. ಅದರ ‘ಟೆಕ್ಸ್ಟ್ ಫ್ಲೋ’ ಪುಟದಲ್ಲಿ ‘ಕೀಪ್ ವಿತ್ ನೆಕ್ಸ್ಟ್ ಪ್ಯಾರಾಗ್ರಾಫ್’ ಆರಿಸಿ. ಆಗ ಎಚ್ಚರಿಕೆ ಒಂದು ಪುಟದಲ್ಲಿ, ಕೆಲಸದ ಹಂತ ಇನ್ನೊಂದು ಪುಟದಲ್ಲಿ ಅಂತ ಆಗುವುದಿಲ್ಲ. ಎಚ್ಚರಿಕೆ ಯಾವಾಗಲೂ ಹಂತಕ್ಕಿಂತ ಮೊದಲೇ ಬರಬೇಕು. ವಾಲ್ವ್ ತಿರುಗಿಸಿದ ಮೇಲೆ ‘ಪ್ರೆಷರ್ ಇಳಿಸಿರಬೇಕು’ ಅಂತ ಓದಿದರೆ ಏನು ಪ್ರಯೋಜನ?

ಇನ್ನು ನನಗೆ ಪಾಠ ಕಲಿಸಿದ ಚಿತ್ರಗಳು. ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್ಸರ್ಟ್ ಕ್ಯಾಪ್ಶನ್’ ಆರಿಸಿ, ನಂಬರ್ ತಾನೇ ಬರುತ್ತದೆ. ಫಿಗರ್ ಅನ್ನುವಲ್ಲಿ ‘ಚಿತ್ರ’ ಅಂತ ನೀವೇ ಬರೆಯಬಹುದು. ಆಮೇಲೆ ಸಾಲಿನ ಒಳಗೆ ‘ಚಿತ್ರ 7 ನೋಡಿ’ ಅಂತ ಬರೆಯುವ ಜಾಗದಲ್ಲಿ 7 ಟೈಪ್ ಮಾಡಬೇಡಿ. ಇನ್ಸರ್ಟ್ ಮೆನುವಿನ ‘ಕ್ರಾಸ್ ರೆಫರೆನ್ಸ್’ ತೆರೆದು ಆ ಚಿತ್ರವನ್ನೇ ಆರಿಸಿ. ನಡುವೆ ಎಷ್ಟು ಫೋಟೊ ಸೇರಿಸಿದರೂ, ಎಫ್9 ಒತ್ತಿದರೆ ಎಲ್ಲಾ ಕಡೆ ನಂಬರ್ ಸರಿಹೋಗುತ್ತದೆ.

ಪರಿವಿಡಿಗೆ ಹೆಚ್ಚು ಹೇಳಬೇಕಿಲ್ಲ. ಹೆಡಿಂಗ್‌ಗಳು ಸರಿಯಿದ್ದರೆ ಇನ್ಸರ್ಟ್ ಮೆನುವಿನಿಂದ ಅರೆ ನಿಮಿಷದಲ್ಲಿ ಬರುತ್ತದೆ. ಫೈಲ್ ಕಳಿಸುವ ಮುಂಚೆ ಟೂಲ್ಸ್‌ನಲ್ಲಿ ‘ಅಪ್‌ಡೇಟ್ ಆಲ್’ ಮಾಡುವುದನ್ನು ಮಾತ್ರ ಮರೆಯಬೇಡಿ.

ಪಿಡಿಎಫ್ ಮಾಡುವ ಮೊದಲು ಒಂದು ಪ್ರತಿ ಪ್ರಿಂಟ್ ತೆಗೆದು ಮತ್ತೆ ಮಷಿನ್ ಹತ್ತಿರ ಹೋಗಿ. ಆಪರೇಟರ್ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲಿ. ಅವರು ಎಲ್ಲಿ ತಡೆದು ಹಿಂದಿನ ಪುಟ ತಿರುವುತ್ತಾರೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ನನ್ನ ಹೋದ ಸಲದ ಪ್ರತಿಯಲ್ಲಿ ಅಂಥ ಹನ್ನೊಂದು ಗುರುತುಗಳಿದ್ದವು. ಎಲ್ಲವನ್ನೂ ತಿದ್ದಿದ ಮೇಲೆಯೇ ಪಿಡಿಎಫ್ ಕೊಟ್ಟೆ.